ಮುನ್ನೂರು ಮೀಟರ್ ಕೇಬಲ್ ಟ್ರಾನ್ಸ್‌ಫಾರ್ಮರನ್ನು ಸಿಡಿಲಿನಿಂದ ಕಾಪಾಡುತ್ತದಾ? ಒಂದು ವೋಲ್ಟೇಜ್ ಅಲೆಯ ಪೂರ್ತಿ ಲೆಕ್ಕ

110 ಕೆ.ವಿ. ಓವರ್‌ಹೆಡ್ ಲೈನ್ ಒಂದು ಸಬ್‌ಸ್ಟೇಷನ್ ಹತ್ತಿರ ಬಂದು ಕೊನೆಯ ಟವರ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರ್ ತನಕ ನೆಲದಡಿ 300 ಮೀಟರ್ ಕೇಬಲ್. ಕೇಬಲ್‌ನ ಯಾವ ತುದಿಯಲ್ಲೂ ಸರ್ಜ್ ಅರೆಸ್ಟರ್ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟನ್ನು ಭೂಮಿಗೆ ಹರಿಸುವ ಸಾಧನ) ಇಲ್ಲ. ಯಾಕೆ ಇಲ್ಲ ಅನ್ನುವುದಕ್ಕೆ ವಿನ್ಯಾಸದ ಟಿಪ್ಪಣಿಯಲ್ಲಿ ಕೊಟ್ಟಿದ್ದು ಒಂದೇ ಕಾರಣ: ಲೈನಿನಿಂದ ಕೇಬಲ್‌ಗೆ ಇಳಿಯುವಾಗ ಸಿಡಿಲಿನ ಅಲೆ ಶೇಕಡಾ 18ಕ್ಕೆ ಕುಗ್ಗುತ್ತದೆ, ಟ್ರಾನ್ಸ್‌ಫಾರ್ಮರ್ ಹತ್ತಿರ ದುಪ್ಪಟ್ಟಾದರೂ ಶೇಕಡಾ 36, ಆದ್ದರಿಂದ ಕೇಬಲ್ಲೇ ರಕ್ಷಣೆ.

ಈ ಎರಡೂ ಅಂಕಿ ಸರಿ. ಲೆಕ್ಕ ತಪ್ಪಿಲ್ಲ, ಆದರೆ ಅರ್ಧಕ್ಕೆ ನಿಂತಿದೆ. ಎರಡು ಮೈಕ್ರೋಸೆಕೆಂಡಿಗೆ ಲೆಕ್ಕ ನಿಲ್ಲಿಸಿದರೆ ಟ್ರಾನ್ಸ್‌ಫಾರ್ಮರ್ ಸೇಫ್ ಅನ್ನಿಸುತ್ತದೆ. ಅದೇ ಲೆಕ್ಕವನ್ನು ಮೂವತ್ತು ಮೈಕ್ರೋಸೆಕೆಂಡ್ ಮುಂದಕ್ಕೆ ಎಳೆದರೆ ಇನ್ಸುಲೇಶನ್ ಒಡೆಯುವ ಮಟ್ಟ ದಾಟುತ್ತದೆ. ಈ ರೀತಿ ಮೊದಲ ಅಲೆಗೇ ಲೆಕ್ಕ ಮುಗಿಸುವುದು ತುಂಬಾ ಸಾಮಾನ್ಯ, ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆಯ ತನಕ ಕೈಲೆಕ್ಕದಲ್ಲೇ ಬರೆಯುತ್ತಿದ್ದೇನೆ. ಕ್ಯಾಲ್ಕುಲೇಟರ್ ಇದ್ದರೆ ಸಾಕು, ನೀವೂ ಜೊತೆಗೇ ಮಾಡಿ ನೋಡಬಹುದು.

ಮೊದಲು ಸ್ವಲ್ಪ ಹಿನ್ನೆಲೆ. 50 ಹರ್ಟ್ಸ್ ಕರೆಂಟಿಗೆ 300 ಮೀಟರ್ ಕೇಬಲ್ ಅಂದರೆ ಸುಮ್ನೆ ಒಂದು ತಂತಿ, ಈ ತುದಿಯ ವೋಲ್ಟೇಜೇ ಆ ತುದಿಯಲ್ಲೂ ಇರುತ್ತದೆ. ಸಿಡಿಲಿನ ವೋಲ್ಟೇಜ್ ಹಾಗಲ್ಲ. ಅದು ಒಂದೆರಡು ಮೈಕ್ರೋಸೆಕೆಂಡಿನಲ್ಲಿ ತುದಿಗೇರುತ್ತದೆ, ಅಷ್ಟು ಹೊತ್ತಿಗೆ ಅಲೆ ಕೇಬಲ್ ಒಳಗೆ ಕೆಲವು ನೂರು ಮೀಟರ್ ಮಾತ್ರ ಹೋಗಿರುತ್ತದೆ. ಅಂದರೆ ಒಂದೇ ಕ್ಷಣದಲ್ಲಿ ಒಂದು ತುದಿಯಲ್ಲಿ ಒಂದು ವೋಲ್ಟೇಜ್, ಇನ್ನೊಂದು ತುದಿಯಲ್ಲಿ ಬೇರೆ. ತಂತಿಯ ಪ್ರತಿ ಮೀಟರಿನಲ್ಲೂ ಸ್ವಲ್ಪ ಇಂಡಕ್ಟೆನ್ಸ್ ಇದೆ, ಸ್ವಲ್ಪ ಕೆಪಾಸಿಟೆನ್ಸ್ ಇದೆ. ಇವೆರಡನ್ನೂ ಸೇರಿಸಿ 1880ರ ದಶಕದಲ್ಲಿ ಆಲಿವರ್ ಹೆವಿಸೈಡ್ ಬರೆದ ಟೆಲಿಗ್ರಾಫ್ ಸಮೀಕರಣಗಳೇ ಇವತ್ತಿಗೂ ಈ ಲೆಕ್ಕದ ತಳಪಾಯ. ಅದರಿಂದ ನಮಗೆ ಬೇಕಾಗಿರುವುದು ಎರಡೇ ವಿಷಯ. ಅಲೆಯ ವೇಗ ಎಷ್ಟು, ಸರ್ಜ್ ಇಂಪೀಡೆನ್ಸ್ ಎಷ್ಟು. ಎರಡನೆಯದು ಅಂದರೆ ಓಡುತ್ತಿರುವ ಅಲೆಯಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವ ಓಮ್.

ಈ ಪ್ರಕರಣದ ಅಂಕಿಗಳು ಹೀಗಿವೆ. ಲೈನಿನ ಸರ್ಜ್ ಇಂಪೀಡೆನ್ಸ್ 400 ಓಮ್, ವೇಗ ಹತ್ತಿರ ಹತ್ತಿರ ಬೆಳಕಿನ ವೇಗ, ಅಂದರೆ ಮೈಕ್ರೋಸೆಕೆಂಡಿಗೆ 300 ಮೀಟರ್. ಕೇಬಲ್‌ನದು 40 ಓಮ್, ವೇಗ ಅದರ ಅರ್ಧ, ಮೈಕ್ರೋಸೆಕೆಂಡಿಗೆ 150 ಮೀಟರ್. ಹಾಗಾಗಿ 300 ಮೀಟರ್ ಕೇಬಲನ್ನು ಒಂದು ಸಲ ದಾಟಲು 2 ಮೈಕ್ರೋಸೆಕೆಂಡ್ ಬೇಕು, ಹೋಗಿ ಬರಲು 4. ಲೈನಿನಲ್ಲಿ ಬರುವ ಅಲೆ 500 ಕೆ.ವಿ., ಆಕಾರ ಪ್ರಮಾಣಿತ ಸಿಡಿಲಿನ ಅಲೆಯದೇ: 1.2 ಮೈಕ್ರೋಸೆಕೆಂಡಿನಲ್ಲಿ ಏರಿ 50 ಮೈಕ್ರೋಸೆಕೆಂಡಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ತಡೆಯುವ ಮಟ್ಟ, ಎಲ್ಲರೂ ಬಿ.ಐ.ಎಲ್. ಅನ್ನುವುದು, 550 ಕೆ.ವಿ. ಸಿಡಿಲು ಹೊಡೆದ ಜಾಗ 6 ಕಿಲೋಮೀಟರಿಗಿಂತ ಆಚೆ ಅಂತ ಇಟ್ಟುಕೊಂಡಿದ್ದೇನೆ. ಕೇಬಲ್ ಬಾಯಿಂದ ವಾಪಸ್ ಹೋದ ಅಲೆ ಅಲ್ಲಿಗೆ ಮುಟ್ಟಿ ತಿರುಗಿ ಬರಲು 40 ಮೈಕ್ರೋಸೆಕೆಂಡ್ ಬೇಕು, ಅಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತದೆ. ಹತ್ತಿರದಲ್ಲೇ ಹೊಡೆದರೆ ಲೆಕ್ಕ ಬೇರೆ.

ಈಗ ಮೊದಲ ಡಿಕ್ಕಿ. ಲೈನೂ ಕೇಬಲೂ ಸೇರುವ ಜಾಗದಲ್ಲಿ ಎರಡು ನಿಯಮ ತಪ್ಪುವ ಹಾಗಿಲ್ಲ. ಎರಡೂ ಕಡೆ ವೋಲ್ಟೇಜ್ ಒಂದೇ ಇರಬೇಕು, ಬಂದ ಕರೆಂಟ್ ಎಲ್ಲಾ ಲೆಕ್ಕಕ್ಕೆ ಸಿಗಬೇಕು. ಬರೀ ಬಂದ ಅಲೆಯಿಂದ ಇವೆರಡೂ ಒಟ್ಟಿಗೆ ನಡೆಯುವುದಿಲ್ಲ, ಆದ್ದರಿಂದ ಒಂದು ಅಲೆ ಹಿಂದಕ್ಕೆ ಹುಟ್ಟಲೇಬೇಕು. ಎರಡು ನಿಯಮಗಳನ್ನೂ ಬಿಡಿಸಿದರೆ ಒಳಗೆ ಹೋಗುವ ಪಾಲು ಬರುತ್ತದೆ: ಮುಂದಿನ ಇಂಪೀಡೆನ್ಸಿನ ಎರಡರಷ್ಟನ್ನು ಎರಡೂ ಇಂಪೀಡೆನ್ಸಿನ ಮೊತ್ತದಿಂದ ಭಾಗಿಸುವುದು. 2 × 40 ÷ 440 = 0.1818. ಅಂದರೆ 500ರಲ್ಲಿ ಕೇಬಲ್ ಒಳಗೆ ಹೋಗುವುದು 91 ಕೆ.ವಿ. ಅಷ್ಟೇ. ಟಿಪ್ಪಣಿಯಲ್ಲಿದ್ದ ಶೇಕಡಾ 18 ಇದೇ.

ಆದರೆ ಇಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ನೋಡುವುದಿಲ್ಲ. ಕರೆಂಟ್ ಎಷ್ಟಾಯಿತು? ಲೈನಿನಲ್ಲಿ ಬರುತ್ತಿದ್ದ ಅಲೆಯ ಕರೆಂಟ್ 500 ಕೆ.ವಿ. ÷ 400 ಓಮ್, ಅಂದರೆ 1.25 ಕಿಲೋಆಂಪಿಯರ್. ಕೇಬಲ್ ಒಳಗೆ ಹೋದದ್ದು 91 ಕೆ.ವಿ. ÷ 40 ಓಮ್, ಅಂದರೆ 2.27 ಕಿಲೋಆಂಪಿಯರ್. ವೋಲ್ಟೇಜ್ ಐದನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು, ಕರೆಂಟ್ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಈ ಕರೆಂಟ್ ಎಲ್ಲಿಗೆ ಹೋಗಬೇಕು? ಮುಂದೆ ಇರುವುದು ಟ್ರಾನ್ಸ್‌ಫಾರ್ಮರ್ ವೈಂಡಿಂಗ್, ಅಂದರೆ ಅದರೊಳಗಿನ ತಂತಿ ಸುರುಳಿ. ಇಷ್ಟು ಕಡಿಮೆ ಹೊತ್ತಿಗೆ ಅದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಕೆಲವು ನ್ಯಾನೋಫ್ಯಾರಡ್ ಕೆಪಾಸಿಟರ್ ಇದ್ದ ಹಾಗೆ ಕೂತಿರುತ್ತದೆ. ನಮ್ಮ ಲೆಕ್ಕಕ್ಕೆ ಅದು ತೆರೆದ ತುದಿ. ಒಳಗೆ ಬಂದ ಕರೆಂಟಿಗೆ ಹೊರಗೆ ಹೋಗುವ ದಾರಿ ಇಲ್ಲ. ಲೈನ್ ಕಡೆಯಿಂದ ಮಾತ್ರ ತಳ್ಳಾಟ ನಿಂತಿಲ್ಲ, ಅಲೆಯ ಬಾಲ, ಅಂದರೆ ತುದಿ ಮುಟ್ಟಿದ ಮೇಲೆ ನಿಧಾನವಾಗಿ ಇಳಿಯುವ ಭಾಗ, ಇನ್ನೂ ಬರುತ್ತಲೇ ಇದೆ. ಇಲ್ಲಿಗೆ ಬಂದಾಗಲೇ ಮುಂದೇನಾಗುತ್ತದೆ ಅಂತ ಅಂದಾಜು ಸಿಗುತ್ತದೆ, ಅಲ್ವಾ? ಕೇಬಲ್ ತುಂಬಲೇಬೇಕು.

ಎಷ್ಟು ಬೇಗ ತುಂಬುತ್ತದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇದಕ್ಕೆ ಅತಿ ಒಳ್ಳೆಯ ಸಾಧನ 1930ರ ದಶಕದಿಂದ ಬಳಕೆಯಲ್ಲಿರುವ, ಎಂಜಿನಿಯರ್ ಬ್ಯೂಲಿ ಅವರ ಜಾಲರಿ ಚಿತ್ರ. ಕಾಗದದ ಎಡಕ್ಕೆ ಲೈನ್-ಕೇಬಲ್ ಜೋಡಣೆ, ಬಲಕ್ಕೆ ಟ್ರಾನ್ಸ್‌ಫಾರ್ಮರ್, ಮೇಲಿಂದ ಕೆಳಕ್ಕೆ ಸಮಯ. ಅಲೆ ಓರೆಗೆರೆಯಾಗಿ ಬಲಕ್ಕೆ ಹೋಗುತ್ತದೆ, ಬಡಿಯುತ್ತದೆ, ಓರೆಗೆರೆಯಾಗಿ ಎಡಕ್ಕೆ ಬರುತ್ತದೆ, ಮತ್ತೆ ಬಡಿಯುತ್ತದೆ. ಪ್ರತಿ ಗೆರೆಯ ಮೇಲೂ ಅದರ ಬೆಲೆ ಬರೆಯುತ್ತಾ ಹೋಗುವುದು, ಯಾವ ಜಾಗದ ವೋಲ್ಟೇಜ್ ಬೇಕೋ ಅಲ್ಲಿಗೆ ಮುಟ್ಟಿದ ಗೆರೆಗಳನ್ನೆಲ್ಲ ಕೂಡಿಸುವುದು. ಅಷ್ಟೇ ಕೆಲಸ.

ತೆರೆದ ತುದಿಯಲ್ಲಿ ಪ್ರತಿಫಲನ +1, ಅಂದರೆ ಬಂದದ್ದು ಪೂರ್ತಿ ಅದೇ ಚಿಹ್ನೆಯಲ್ಲಿ ವಾಪಸ್, ಆ ಜಾಗದ ವೋಲ್ಟೇಜ್ ದುಪ್ಪಟ್ಟು. ಇನ್ನು ಕೇಬಲ್ ಒಳಗಿನಿಂದ ಲೈನ್ ಕಡೆಗೆ ನೋಡಿದರೆ (400 − 40) ÷ 440, ಅಂದರೆ +0.818. ಈ ಅಂಕಿಯಲ್ಲೇ ಎಲ್ಲಾ ಅಪಾಯ ಇದೆ. ಹೊರಗಿನಿಂದ ಒಳಗೆ ಬರಲು ಅಲೆಗೆ ಕಷ್ಟ, ನಿಜ. ಒಳಗೆ ಬಂದದ್ದು ಹೊರಗೆ ಹೋಗಲೂ ಅಷ್ಟೇ ಕಷ್ಟ. ವಾಪಸ್ ಬಂದ ಅಲೆಯ ಶೇಕಡಾ 82 ಮತ್ತೆ ಟ್ರಾನ್ಸ್‌ಫಾರ್ಮರ್ ಕಡೆಗೇ ತಿರುಗುತ್ತದೆ, ಅದೂ ಅದೇ ಚಿಹ್ನೆಯಲ್ಲಿ.

ಸದ್ಯಕ್ಕೆ ಬಾಲ ಇಳಿಯುವುದಿಲ್ಲ, ಅಲೆ 500ರಲ್ಲೇ ನಿಂತಿದೆ ಅಂತ ಇಟ್ಟುಕೊಂಡು ಟ್ರಾನ್ಸ್‌ಫಾರ್ಮರ್ ತುದಿಯ ವೋಲ್ಟೇಜ್ ನೋಡಿ. 2 ಮೈಕ್ರೋಸೆಕೆಂಡಿಗೆ ಮೊದಲ ಅಲೆ ಮುಟ್ಟಿದಾಗ ಬಂದ ಅಲೆಯ 0.364 ಪಾಲು, ಅಂದರೆ 182 ಕೆ.ವಿ. ಟಿಪ್ಪಣಿ ನಿಂತದ್ದು ಇಲ್ಲಿ. 6 ಮೈಕ್ರೋಸೆಕೆಂಡಿಗೆ 0.661. 10ಕ್ಕೆ 0.905. 14ಕ್ಕೆ 1.10, ಅಂದರೆ ಆಗಲೇ ಲೈನಿನಲ್ಲಿ ಬಂದ ಅಲೆಗಿಂತ ಜಾಸ್ತಿ. 18ಕ್ಕೆ 1.27, 22ಕ್ಕೆ 1.40, 30ಕ್ಕೆ 1.60. ಹೀಗೇ ಹೋದರೆ ಕೊನೆಗೆ ಮುಟ್ಟುವುದು 2. ಕೇಬಲ್ ಇಲ್ಲದೆ ಲೈನ್ ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಸೇರಿದ್ದರೆ ಆಗುತ್ತಿದ್ದ ಅದೇ 2. ಸೂತ್ರವೂ ಸುಲಭ. 0.818ನ್ನು ಎಷ್ಟು ಸಲ ಅಲೆ ಮುಟ್ಟಿತೋ ಅಷ್ಟು ಸಲ ಗುಣಿಸಿ, ಒಂದರಿಂದ ಕಳೆದು, ಎರಡರಿಂದ ಗುಣಿಸಿ.

ನಿಜವಾದ ಸಿಡಿಲಿನ ಅಲೆಗೆ ಬಾಲ ಇಳಿಯುತ್ತದಲ್ಲ, ಅದು ನಮ್ಮನ್ನು ಸ್ವಲ್ಪ ಕಾಪಾಡುತ್ತದೆ. 50 ಮೈಕ್ರೋಸೆಕೆಂಡಿಗೆ ಅರ್ಧ ಅಂದರೆ ಕಾಲಸ್ಥಿರಾಂಕ (ಅಲೆ ಶೇಕಡಾ 37ಕ್ಕೆ ಇಳಿಯಲು ಹಿಡಿಯುವ ಸಮಯ) ಸುಮಾರು 72 ಮೈಕ್ರೋಸೆಕೆಂಡ್, ಒಂದೊಂದು ಹೋಗಿಬರುವ 4 ಮೈಕ್ರೋಸೆಕೆಂಡಿಗೂ ಮೂಲ ಅಲೆ ಹಿಂದಿನ ಬೆಲೆಯ 0.946ಕ್ಕೆ ಇಳಿದಿರುತ್ತದೆ. ಈಗ ಪ್ರತಿ ಹೆಜ್ಜೆಯಲ್ಲೂ ಹಳೇ ಅಲೆಗಳು ಕೇಬಲ್ ಒಳಗೆ 0.818ರಂತೆ ಕುಗ್ಗುತ್ತಿವೆ, ಹೊಸದಾಗಿ ಒಳಗೆ ಬರುವುದು 0.946ರಂತೆ ಕುಗ್ಗುತ್ತಿದೆ, ಎರಡನ್ನೂ ಸೇರಿಸಿ ಕೂಡಬೇಕು. ಕೂಡಿದರೆ 6 ಮೈಕ್ರೋಸೆಕೆಂಡಿಗೆ 0.64, 10ಕ್ಕೆ 0.85, 14ಕ್ಕೆ 1.00, 18ಕ್ಕೆ 1.11, 22ಕ್ಕೆ 1.19, 26ಕ್ಕೆ 1.23, 30ಕ್ಕೆ 1.25, 34ಕ್ಕೆ 1.26. ಅಲ್ಲಿಂದ ಮುಂದೆ ಇಳಿಯುತ್ತದೆ. ಅಂದರೆ ತುದಿಬೆಲೆ 500 × 1.26, ಅಂದಾಜು 630 ಕೆ.ವಿ.

ಟ್ರಾನ್ಸ್‌ಫಾರ್ಮರ್ ತಡೆಯುವುದು 550.

ಮತ್ತೆ 550 ಅನ್ನುವುದೂ ಇಲ್ಲಿ ಪೂರ್ತಿ ಸಿಗುವುದಿಲ್ಲ. ಒಳಗಿನ ಇನ್ಸುಲೇಶನ್‌ಗೆ 1.15ರ ಸುರಕ್ಷಾ ಅಂತರ ಬಿಡುವುದು ರೂಢಿ, ಬಿಟ್ಟರೆ ಉಳಿಯುವುದು 478. ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. 550ರ ಪರೀಕ್ಷೆ ಮಾಡುವುದು 1.2 ಮೈಕ್ರೋಸೆಕೆಂಡಿನಲ್ಲಿ ಏರುವ ಅಲೆಯಿಂದ. ಇಲ್ಲಿ ತುದಿಗೇರಲು ಮೂವತ್ತು ಮೈಕ್ರೋಸೆಕೆಂಡಿಗೂ ಜಾಸ್ತಿ ಹಿಡಿಯುತ್ತಿದೆ, ಅಷ್ಟು ಹೊತ್ತು ವೋಲ್ಟೇಜ್ ಮೇಲೇ ನಿಲ್ಲುತ್ತದೆ. ನಿಧಾನವಾಗಿ ಏರುವ ಅಲೆಯ ಮುಂದೆ ಎಣ್ಣೆ-ಕಾಗದದ ಇನ್ಸುಲೇಶನ್‌ನ ಶಕ್ತಿ ಕಡಿಮೆ. ಸ್ವಿಚಿಂಗ್ ಅಲೆಗೆ (ಬ್ರೇಕರ್ ಹಾಕಿ ತೆಗೆಯುವಾಗ ಹುಟ್ಟುವ, ನಿಧಾನವಾಗಿ ಏರುವ ಅಲೆ) ಬಿ.ಐ.ಎಲ್.ನ ಶೇಕಡಾ 83ರಷ್ಟು ಅಂತ ಹಿಡಿಯುವುದು ವಾಡಿಕೆ. ಹಾಗೆ ನೋಡಿದರೆ ಗಡಿ 456ರ ಹತ್ತಿರಕ್ಕೇ ಇಳಿಯುತ್ತದೆ. ನಮ್ಮ ಅಲೆ ಇವೆರಡರ ನಡುವಿನದು, ಪೂರ್ತಿ ಸಿಡಿಲೂ ಅಲ್ಲ, ಪೂರ್ತಿ ಸ್ವಿಚಿಂಗೂ ಅಲ್ಲ, ಆದರೆ 630 ಅನ್ನುವುದು ಯಾವ ಗಡಿಯನ್ನು ಹಿಡಿದರೂ ಆಚೆಗೇ ಬೀಳುತ್ತದೆ. "ಕೇಬಲ್ ಅಲೆಯ ಮುಂಭಾಗವನ್ನು ಚಪ್ಪಟೆ ಮಾಡುತ್ತದೆ, ಒಳ್ಳೆಯದು" ಅನ್ನುವವರಿಗೂ ಇದೇ ಉತ್ತರ. ವೈಂಡಿಂಗ್‌ನ ಮೊದಲ ಕೆಲವು ಸುತ್ತುಗಳಿಗೆ ಅದು ಒಳ್ಳೆಯದು, ಹೌದು. ವೈಂಡಿಂಗ್‌ನಿಂದ ಭೂಮಿಗೆ ಇರುವ ಇನ್ಸುಲೇಶನ್‌ಗೆ ಅಲ್ಲ.

ಇಷ್ಟು ದೊಡ್ಡ ತೀರ್ಮಾನಕ್ಕೆ ಬಂದ ಮೇಲೆ ಲೆಕ್ಕವನ್ನು ಬೇರೆ ದಾರಿಯಿಂದ ಒಂದು ಸಲ ಪರೀಕ್ಷೆ ಮಾಡಲೇಬೇಕು. ನನಗೆ ಇಷ್ಟವಾದ ದಾರಿ ಇದು: ಅಲೆ, ಪ್ರತಿಫಲನ ಎಲ್ಲಾ ಮರೆತು ಇಡೀ ಕೇಬಲನ್ನು ಒಂದೇ ಕೆಪಾಸಿಟರ್ ಅಂದುಕೊಳ್ಳುವುದು. ಅದರ ಬೆಲೆ ದಾಟುವ ಸಮಯವನ್ನು ಸರ್ಜ್ ಇಂಪೀಡೆನ್ಸಿನಿಂದ ಭಾಗಿಸಿದಷ್ಟು, 2 ಮೈಕ್ರೋಸೆಕೆಂಡ್ ÷ 40 ಓಮ್, ಅಂದರೆ 50 ನ್ಯಾನೋಫ್ಯಾರಡ್. ಇದನ್ನು ಲೈನ್ ತನ್ನ 400 ಓಮ್ ಮೂಲಕ ತುಂಬುತ್ತಿದೆ, ಹಿಂದಿರುವ ಒತ್ತಡ ಬಂದ ಅಲೆಯ ಎರಡರಷ್ಟು. ಕಾಲಸ್ಥಿರಾಂಕ 400 × 50 ನ್ಯಾನೋ, ಅಂದರೆ 20 ಮೈಕ್ರೋಸೆಕೆಂಡ್. ಬಾಲ ಇಳಿಯದ ಅಲೆಗೆ 20 ಮೈಕ್ರೋಸೆಕೆಂಡಿನಲ್ಲಿ ಇದು ಕೊಡುವ ಉತ್ತರ 1.26. ಜಾಲರಿ ಚಿತ್ರದಲ್ಲಿ ಅದೇ ಹೊತ್ತಿಗೆ 1.27. ಬಾಲ ಇಳಿಯುವ ಅಲೆಗೆ ಕೆಪಾಸಿಟರ್ ಲೆಕ್ಕದ ತುದಿಬೆಲೆ 1.22, ಅದು ಬರುವುದು 35 ಮೈಕ್ರೋಸೆಕೆಂಡಿನ ಹತ್ತಿರ. ಜಾಲರಿಯಲ್ಲಿ 1.26, 34ಕ್ಕೆ. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಇಷ್ಟು ಹತ್ತಿರ ಬಂದು ಸೇರಿದಾಗ ಲೆಕ್ಕದ ಮೇಲೆ ಧೈರ್ಯ ಬರುತ್ತದೆ.

ಕೆಪಾಸಿಟರ್ ದಾರಿಯಲ್ಲಿ ಇನ್ನೊಂದು ಉಪಕಾರ ಇದೆ. ಅನುಮಾನ ಇರುವ ಅಂಕಿಗಳನ್ನು ಬದಲಿಸಿ ಬೇಗ ನೋಡಬಹುದು. 400 ಓಮ್ ಅನ್ನುವುದು ಪಠ್ಯಪುಸ್ತಕದ ರೂಢಿಯ ಅಂಕಿ. ಒಂಟಿ ಕಂಡಕ್ಟರ್ 14 ಮೀಟರ್ ಎತ್ತರದಲ್ಲಿ ಇದ್ದು ಅದರ ತ್ರಿಜ್ಯ ಸುಮಾರು 1 ಸೆಂಟಿಮೀಟರ್ ಆದರೆ ಸೂತ್ರದಿಂದ ಬರುವುದು 470ರ ಆಸುಪಾಸು, ಅಷ್ಟು ಹೆಚ್ಚಿನ ವೋಲ್ಟೇಜಿನಲ್ಲಿ ಕೊರೋನಾ (ತಂತಿಯ ಸುತ್ತಲ ಗಾಳಿಯಲ್ಲಿ ಆಗುವ ವಿದ್ಯುತ್ ಸೋರಿಕೆ) ಹುಟ್ಟಿ ಅದನ್ನು ಕೆಳಕ್ಕೆ ಎಳೆಯುತ್ತದೆ. 470 ಹಾಕಿಯೇ ನೋಡಿದೆ. ಕಾಲಸ್ಥಿರಾಂಕ 23.5ಕ್ಕೆ ಏರುತ್ತದೆ, ತುದಿಬೆಲೆ 1.16ಕ್ಕೆ ಇಳಿಯುತ್ತದೆ, ಅಂದರೆ ಸುಮಾರು 580 ಕೆ.ವಿ. ಆಗಲೂ 550ಕ್ಕಿಂತ ಮೇಲೇ. ಕೇಬಲ್‌ನ ಪ್ರತಿರೋಧ, ಅರೆವಾಹಕ ಪದರಗಳ ನಷ್ಟ ಇವನ್ನೆಲ್ಲ ಬಿಟ್ಟಿದ್ದೇನೆ. 300 ಮೀಟರಿಗೆ ಅವು ಮೆಟ್ಟಿಲಿನ ಅಂಚನ್ನು ದುಂಡಗೆ ಮಾಡುತ್ತವೆ, ಎತ್ತರವನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ಇನ್ನೊಂದು ಕಡೆ, ಸಿಡಿಲು ಬಡಿದ ಕ್ಷಣದಲ್ಲಿ ಲೈನಿನ ಸ್ವಂತ ವೋಲ್ಟೇಜ್ ಇರುತ್ತದಲ್ಲ, ಒಂದು ಫೇಸಿನಲ್ಲಿ ತುದಿಬೆಲೆ 90 ಕೆ.ವಿ., ಅದನ್ನೂ ನಾನು ಕೂಡಿಸಿಲ್ಲ. ಕೂಡಿಸಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಕೇಬಲ್ ಉದ್ದ ಬದಲಾದರೆ? ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಭಾಗ ಇದು. ಮೊದಲ ಅಲೆಯ ಲೆಕ್ಕದಲ್ಲಿ ಉದ್ದ ಬರುವುದೇ ಇಲ್ಲ, 10 ಮೀಟರ್ ಕೇಬಲ್ ಆಗಲಿ 10 ಕಿಲೋಮೀಟರ್ ಆಗಲಿ ಅದೇ 0.364. ಅದೊಂದೇ ಸಾಕು, ಏನೋ ಬಿಟ್ಟುಹೋಗಿದೆ ಅಂತ ಅನುಮಾನ ಬರಬೇಕು. ಪೂರ್ತಿ ಲೆಕ್ಕದಲ್ಲಿ 100 ಮೀಟರ್ ಕೇಬಲ್‌ಗೆ ತುದಿಬೆಲೆ 1.59, ಅಂದರೆ 790 ಕೆ.ವಿ. ದಾಟುತ್ತದೆ. 300 ಮೀಟರಿಗೆ 630. 500 ಮೀಟರಿಗೆ 1.08, ಅಂದರೆ 540, ಸುರಕ್ಷಾ ಅಂತರ ಬಿಡದಿದ್ದರೆ ಮಾತ್ರ ಕೂದಲೆಳೆಯಲ್ಲಿ ಪಾರು. 1 ಕಿಲೋಮೀಟರಿಗೆ 0.84, ಅಂದರೆ 420. ಉದ್ದ ಕೇಬಲ್ ನಿಧಾನವಾಗಿ ತುಂಬುತ್ತದೆ, ತುಂಬುವ ಹೊತ್ತಿಗೆ ಸಿಡಿಲಿನ ಬಾಲ ಸತ್ತಿರುತ್ತದೆ. ಚಿಕ್ಕ ಕೇಬಲ್‌ಗೆ ಆ ಅವಕಾಶ ಇಲ್ಲ. ಚಿಕ್ಕದಾದಷ್ಟೂ ಕೇಬಲ್ ಇಲ್ಲದ ಸ್ಥಿತಿಗೇ ಹತ್ತಿರ ಹೋಗುತ್ತದೆ. "ಬರೀ ನೂರು ಮೀಟರ್ ಕೇಬಲ್ ತಾನೆ" ಅಂದರೆ ಅದು ಸಮಾಧಾನ ಅಲ್ಲ, ಎಚ್ಚರಿಕೆ.

ಈಗ ಪರಿಹಾರ. 96 ಕೆ.ವಿ. ರೇಟಿಂಗ್‌ನ ಝಿಂಕ್ ಆಕ್ಸೈಡ್ ಅರೆಸ್ಟರ್ ತಗೊಂಡು, ಅದು ವೋಲ್ಟೇಜನ್ನು 250 ಕೆ.ವಿ.ಗೆ ಕಟ್ಟಿಹಾಕುತ್ತದೆ ಅಂತ ಇಟ್ಟುಕೊಂಡೆ. ಲೈನ್ ಕೊಡಬಲ್ಲ ಕರೆಂಟ್ (1000 − 250) ÷ 400, ಸುಮಾರು 1.9 ಕಿಲೋಆಂಪಿಯರ್. ಅರೆಸ್ಟರ್‌ಗೆ ಅದು ದೊಡ್ಡ ಹೊರೆಯೇನಲ್ಲ.

ಅರೆಸ್ಟರನ್ನು ಲೈನ್-ಕೇಬಲ್ ಜೋಡಣೆಯಲ್ಲಿ, ಟವರ್ ಮೇಲೆ, ಹಾಕಿದೆವು ಅನ್ನಿ. ಮೊದಲ 4 ಮೈಕ್ರೋಸೆಕೆಂಡ್ ಅದು ಏನೂ ಮಾಡುವುದಿಲ್ಲ, ಅಲ್ಲಿ ಇರುವುದು 91 ಕೆ.ವಿ. ಮಾತ್ರ. ಟ್ರಾನ್ಸ್‌ಫಾರ್ಮರಿನಿಂದ ವಾಪಸ್ ಬಂದ ಅಲೆ ಮುಟ್ಟಿದಾಗ ವೋಲ್ಟೇಜ್ 250ಕ್ಕೆ ಏರಿ ಅರೆಸ್ಟರ್ ಕೆಲಸ ಶುರು ಮಾಡುತ್ತದೆ. ಆಗ ಕೇಬಲ್ ಒಳಗೆ ಮುಂದಕ್ಕೆ ಹೋಗುವ ಅಲೆ 250 − 91, ಅಂದರೆ 159. ಅದು ಟ್ರಾನ್ಸ್‌ಫಾರ್ಮರ್ ಹತ್ತಿರ ದುಪ್ಪಟ್ಟಾಗಿ 6 ಮೈಕ್ರೋಸೆಕೆಂಡಿಗೆ 318 ಆಗುತ್ತದೆ. ಮುಂದಿನ ಸುತ್ತಿನಲ್ಲಿ 250 − 159, ಅಂದರೆ 91 ಮಾತ್ರ ಮುಂದಕ್ಕೆ ಹೋಗುತ್ತದೆ, ತುದಿಯಲ್ಲಿ 182. ಆಮೇಲೆ ಮತ್ತೆ 303. ಹೀಗೆ 250ರ ಆಚೀಚೆ ತೂಗಾಡುತ್ತದೆ. ಗರಿಷ್ಠ 318. 478ಕ್ಕೂ 456ಕ್ಕೂ ತುಂಬಾ ಕೆಳಗೆ. 630ರಿಂದ 318ಕ್ಕೆ.

ತೂಗಾಟವನ್ನು ಮಾತ್ರ ಗಮನಿಸಬೇಕು. ಒಂದು ಪೂರ್ತಿ ಓಲಾಟಕ್ಕೆ 8 ಮೈಕ್ರೋಸೆಕೆಂಡ್, ಅಂದರೆ 125 ಕಿಲೋಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೈಂಡಿಂಗ್‌ನ ಸ್ವಂತ ರೆಸೊನೆನ್ಸ್, ಅಂದರೆ ಅದು ತಾನಾಗಿಯೇ ಓಲಾಡುವ ಆವರ್ತನ, ಇದೇ ಆಸುಪಾಸಿನಲ್ಲಿ ಇದ್ದರೆ ಹೊರಗೆ ಕಡಿಮೆ ವೋಲ್ಟೇಜ್ ಇದ್ದರೂ ಒಳಗಿನ ಸುತ್ತುಗಳ ನಡುವೆ ಜಾಸ್ತಿ ಒತ್ತಡ ಹುಟ್ಟಬಹುದು. ಅರೆಸ್ಟರನ್ನು ಟ್ರಾನ್ಸ್‌ಫಾರ್ಮರ್ ತುದಿಗೆ ಹಾಕಿದರೆ ಆ ತುದಿ 250ನ್ನು ದಾಟುವುದೇ ಇಲ್ಲ, ಟವರ್ ಕಡೆಯ ಜೋಡಣೆಯೂ 251ರಷ್ಟಕ್ಕೇ ನಿಲ್ಲುತ್ತದೆ. ಈ ಒಂದು ಅಲೆಗೆ ಅದೇ ಉತ್ತಮ. ಆದರೆ ಸಿಡಿಲು ಯಾವಾಗಲೂ 6 ಕಿಲೋಮೀಟರ್ ಆಚೆಗೇ ಹೊಡೆಯಬೇಕು ಅಂತ ಇಲ್ಲ. ಕೊನೆಯ ಒಂದೆರಡು ಟವರ್‌ಗೆ ಹೊಡೆದರೆ ತುಂಬಾ ಕಡಿದಾದ, ಇನ್ನೂ ದೊಡ್ಡ ಅಲೆ ನೇರ ಕೇಬಲ್ ಬಾಯಿಗೆ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಕಡೆಯ ಅರೆಸ್ಟರ್‌ನ ಸುದ್ದಿ ಅಲ್ಲಿಗೆ ತಲುಪಲು 4 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ಕೇಬಲ್ ಟರ್ಮಿನೇಷನ್ (ಲೈನಿಗೆ ಸೇರುವ ಕೇಬಲ್ ತುದಿ) ತನ್ನಷ್ಟಕ್ಕೆ ತಾನೇ ನಿಲ್ಲಬೇಕು. ಆದ್ದರಿಂದ ನನ್ನ ಶಿಫಾರಸು ಎರಡೂ ತುದಿಗೆ ಒಂದೊಂದು ಸೆಟ್.

ಕೈಲೆಕ್ಕ ಇಲ್ಲಿಗೆ ಸಾಕು. ಮುಂದಿನ ವಿವರಕ್ಕೆ, ಮೂರೂ ಫೇಸು, ಟವರ್ ಅರ್ತಿಂಗ್, ಕೇಬಲ್ ಕವಚದ ವೋಲ್ಟೇಜ್, ಅರೆಸ್ಟರ್‌ನ ನಿಜವಾದ ವಕ್ರರೇಖೆ ಎಲ್ಲಾ ಬೇಕು ಅಂದರೆ, ಇ.ಎಂ.ಟಿ.ಪಿ. ಜಾತಿಯ, ಅಂದರೆ ಇಂಥ ಕ್ಷಣಿಕ ಅಲೆಗಳನ್ನು ಲೆಕ್ಕ ಹಾಕುವ, ಕಂಪ್ಯೂಟರ್ ಪ್ರೋಗ್ರಾಂಗೆ ಹೋಗಬೇಕು. 1969ರಲ್ಲಿ ಹರ್ಮನ್ ಡೊಮೆಲ್ ಪ್ರಕಟಿಸಿದ ವಿಧಾನವೇ ಅವುಗಳ ಬೇರು, ಒಳಗೆ ನಡೆಯುವುದು ನಾವು ಮಾಡಿದಂಥ ಹೋಗಿಬರುವ ಅಲೆಗಳ ಲೆಕ್ಕವೇ, ಸಣ್ಣ ಸಣ್ಣ ಸಮಯದ ಹೆಜ್ಜೆಗಳಲ್ಲಿ. ಪ್ರೋಗ್ರಾಂ ಓಡಿಸುವ ಮೊದಲು ಈ ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ತೆರೆಯ ಮೇಲೆ 4 ಮೈಕ್ರೋಸೆಕೆಂಡಿಗೊಂದು ಮೆಟ್ಟಿಲು ಕಾಣದಿದ್ದರೆ ಎಲ್ಲೋ ಕೇಬಲ್ ಉದ್ದವನ್ನೋ ವೇಗವನ್ನೋ ತಪ್ಪಾಗಿ ಕೊಟ್ಟಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಜಾಗದಲ್ಲಿ ನಿಂತು ನೋಡಬೇಕಾದ್ದು ಒಂದಿದೆ, ಅರೆಸ್ಟರ್‌ನ ತಂತಿಗಳ ಉದ್ದ. ತಂತಿಯ ಪ್ರತಿ ಮೀಟರಿಗೂ ಸುಮಾರು 1 ಮೈಕ್ರೋಹೆನ್ರಿ. ಹತ್ತಿರದ ಸಿಡಿಲಿನಲ್ಲಿ ಕರೆಂಟ್ ಮೈಕ್ರೋಸೆಕೆಂಡಿಗೆ 10 ಕಿಲೋಆಂಪಿಯರ್‌ನಂತೆ ಏರಿದರೆ ಪ್ರತಿ ಮೀಟರಿಗೂ 10 ಕೆ.ವಿ. ಮೇಲೆ ಬಂದು ಕೂರುತ್ತದೆ. ಟವರ್‌ನಲ್ಲಿ ಅರೆಸ್ಟರ್‌ನ ಭೂಮಿ ತುದಿಯನ್ನು ಕೆಳಗಿನ ಅರ್ತ್ ಗುಂಡಿಗೆ ಮಾತ್ರ ಎಳೆದರೆ ಹತ್ತು ಮೀಟರಿಗೆ 100 ಕೆ.ವಿ. ಸೇರಿ 250 ಹೋಗಿ 350 ಆಗುತ್ತದೆ. ಹಾಗಾಗಿ ಆ ತುದಿಯನ್ನು ಮೊದಲು ಪಕ್ಕದಲ್ಲೇ ಇರುವ ಕೇಬಲ್ ಕವಚಕ್ಕೆ ನೇರವಾಗಿ, ಒಂದು ಮೀಟರ್ ಒಳಗೆ ಜೋಡಿಸಿ, ಆಮೇಲೆ ಗುಂಡಿಗೆ ಇಳಿಸಬೇಕು.